ಬೇರಿಗೆ ಬಂದ ಹೆಸರು

ಗಂಡನ ಮೂತ್ರದ ನಳಿಗೆ ತೊಳೆದು, ಅವರ ಹಾಸಿಗೆಯ ರಕ್ತದ ಕಲೆ ಉಜ್ಜಿದವಳು ನಾನು. ಹೇಸಿಗೆ ಎಂದರೇನೆಂದು ನನಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಖರೇ ಹೇಳುತ್ತೇನೆ, ಆ ನಳಿಗೆ ಹಿಡಿದಾಗ ನನಗೆ ಒಮ್ಮೆಯೂ ಓಕರಿಕೆ ಬರಲಿಲ್ಲ. ರೋಗ ಅಂದರೆ ರೋಗ, ಅದಕ್ಕೇನು ನಾಚಿಕೆ? ಓಕರಿಕೆ ಬಂದದ್ದು ನಮ್ಮ ಪಡಸಾಲೆಯಲ್ಲಿ ಮೈತುಂಬ ಮುದ್ರೆ ಹಚ್ಚಿಕೊಂಡು ಕುಳಿತ ಗಂಡಸರ ಮಾತು ಕೇಳಿದಾಗ.

ನನ್ನ ಯಜಮಾನರು ವಾಸುದೇವಾಚಾರ್ಯರು, ಗದಗಿನ ನಮ್ಮ ಓಣಿಯ ಹನುಮಂತದೇವರ ಗುಡಿಯ ಅರ್ಚಕರು. ಗುಡಿಯ ಪೂಜೆ ಮೂರು ಮನೆಗಳಿಗೆ ಪಾಳಿಯ ಮೇಲೆ ಬರುತ್ತದೆ. ಒಂದು ಮನೆ ನಮ್ಮದು, ಉಳಿದೆರಡು ದಾಯಾದಿಗಳವು. ನಮ್ಮವರು ಎತ್ತರದ ಆಳು, ಅಗಲ ಎದೆ. ಕೆಂಪು ರೇಷ್ಮೆಯ ಮಗುಟ ಉಟ್ಟು, ಬರಿಯ ಮೈಮೇಲೆ ಗೋಪೀಚಂದನ ಹಚ್ಚಿ ಮಂಗಳಾರತಿ ಎತ್ತಿದರೆ ಓಣಿಯ ಹೆಂಗಸರಲ್ಲಿ ಅರ್ಧದಷ್ಟು ಮಂದಿ ಹನುಮಪ್ಪನನ್ನು ಬಿಟ್ಟು ಇವರನ್ನೇ ನೋಡುತ್ತಿದ್ದರು. ಅದು ನನಗೂ ಗೊತ್ತಿತ್ತು, ಇವರಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

ಎಪ್ಪತ್ತೆಂಟನೆಯ ಇಸವಿಯ ಮಳೆಗಾಲದಲ್ಲಿ ಇವರಿಗೆ ಮೂತ್ರ ಕಟ್ಟಿತು. ಹುಬ್ಬಳ್ಳಿಯ ಒಂದು ದವಾಖಾನೆಗೆ ಒಯ್ದೆವು. ಅಲ್ಲಿ ನಳಿಗೆ ಹಾಕಿದರು, ಆಪರೇಷನ್ ಮಾಡಿ ದಾರಿ ಬಿಡಿಸಿದರು, ಒಳಗಿನ ಗಂಟಿನ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅದರ ಫಲ ಬಂದ ದಿನ ಡಾಕ್ಟರು ನಮ್ಮ ಮಗ ಶ್ರೀನಿವಾಸನನ್ನು ಎದುರಿಗೆ ಕೂಡಿಸಿಕೊಂಡರು. ಶ್ರೀನಿವಾಸ ಶಿರಹಟ್ಟಿಯ ತಹಸೀಲ್ದಾರ ಕಚೇರಿಯಲ್ಲಿ ಗುಮಾಸ್ತ, ನಾಲ್ಕು ಅಕ್ಷರ ಇಂಗ್ಲಿಷು ಬರುತ್ತದೆ ಎಂದು ಅವನಿಗೆ ಆ ಮರ್ಯಾದೆ. ನಾನು ಅಲ್ಲೇ ಪಕ್ಕದಲ್ಲಿ ಮುದುಡಿಕೊಂಡು ನಿಂತಿದ್ದೆ. ನಮ್ಮವರು ಮಂಚದ ಮೇಲೆ ಕಣ್ಣು ಮುಚ್ಚಿಕೊಂಡಿದ್ದರು, ಕಿವಿ ಮುಚ್ಚಿಕೊಂಡಿರಲಿಲ್ಲ.

ಡಾಕ್ಟರು ಹೇಳಿದ್ದು ಇಷ್ಟು. ಗಂಡಸರ ಮೂತ್ರಚೀಲದ ಕೆಳಗೆ ಪ್ರಾಸ್ಟೇಟ್ ಎಂಬ ಗ್ರಂಥಿ ಇರುತ್ತದೆ. ಅದಕ್ಕೆ ಕ್ಯಾನ್ಸರ್ ಹಿಡಿದಿದೆ, ಸೊಂಟದ ಎಲುಬಿಗೂ ಮುಟ್ಟಿದೆ. ಈ ರೋಗ ಬೆಳೆಯುವುದು ಗಂಡಸಿನ ಮೈಯಲ್ಲಿನ ಗಂಡುರಸ ಉಂಡು. ರಸ ನಿಲ್ಲಿಸಿದರೆ ರೋಗ ಅಡಗುತ್ತದೆ, ಬಹಳ ವರ್ಷ ತಲೆ ಎತ್ತದೆಯೂ ಇರಬಹುದು.

“ಒಂದೋ ಸಣ್ಣ ಆಪರೇಷನ್ ಮಾಡಿ ಎರಡೂ ಬೀಜ ತಗೀಬೇಕು. ಇಲ್ಲಾ ಅಂದ್ರ ದಿನಾ ಒಂದು ಗುಳಿಗಿ ತಗೋಬೇಕು. ಅದು ಹೆಂಗಸರ ಮೈಯಾಗಿನ ರಸ ಇದ್ದಂಗ. ತಗೊಂಡ್ರ ಎದಿ ಸ್ವಲ್ಪ ಉಬ್ಬತಾವ, ಕಾಲು ಬಾವು ಬಂದ್ರ ನನಗ ತೋರಸ್ರಿ. ಅದಕ್ಕೂ ಜಗ್ಗದಿದ್ರ ಮುಂದ ಮುಂಬೈಯೊಳಗ ಬಿರುಸು ಸೂಜಿ ಅವ, ಆಗ ನೋಡೋಣು. ಏನೂ ಮಾಡದs ಬಿಟ್ರ ವರ್ಷ ಕಾಣೂದು ಕಷ್ಟ.”

ಇದನ್ನು ಕೇಳಿ ನಾನು ಮನಸ್ಸಿನಲ್ಲೇ ಹನುಮಂತದೇವರಿಗೆ ಕೈ ಮುಗಿದೆ. ದಿನಾ ಒಂದು ಗುಳಿಗೆ, ಅಷ್ಟೇ ಅಲ್ಲವೇ? ಡಾಕ್ಟರು ಆಚೆ ಹೋದರೋ ಇಲ್ಲವೋ, ನಮ್ಮವರು ಕಣ್ಣು ಬಿಟ್ಟರು.

“ಬೀಜ ತಗಸ್ಕೊಂಡು ಅಂಗಹೀನ ಆದವ ದೇವರ ಮೈ ಮುಟ್ಟೂ ಹಂಗಿಲ್ಲ. ಖಬರ ಆತಂದ್ರ ನಾಳೆನ ನನ್ನ ಪಾಳಿ ದಾಯಾದಿಗಳು ಕಸಗೋತಾರ.”

“ಆತು, ಆಪರೇಷನ್ ಬ್ಯಾಡ. ಗುಳಿಗಿ ತಗೊಳ್ರಿ.”

“ಹೆಂಗಸರ ರಸ ನಾ ನುಂಗಲಾ?” ಇವರ ಮುಖ ನೋಡಬೇಕಿತ್ತು, ಬಾಯಲ್ಲಿ ಸತ್ತ ಹಲ್ಲಿ ಬಿದ್ದವರ ಹಾಗೆ ಕಿವುಚಿಕೊಂಡಿತ್ತು. “ಮೊಲಿ ಬೆಳಸ್ಕೊಂಡು ಗರ್ಭಗುಡಿಗೆ ಹೋಗಲಾ? ಥೂ! ಅದಕಿಂತ ಸತ್ತದ್ದು ಛಲೋ.”

ಹೊಸಿಲ ಒಳಗೆ ಕಾಲಿಡದಂತೆ ಹೆಂಗಸರನ್ನು ಜೀವಮಾನವಿಡೀ ಗರ್ಭಗುಡಿಯ ಹೊರಗೆ ನಿಲ್ಲಿಸಿದ ಮನುಷ್ಯ. ಈಗ ಅದೇ ಹೆಣ್ಣುತನ ಗುಳಿಗೆಯಾಗಿ ಹೊಟ್ಟೆಗೆ ಹೋಗುತ್ತದೆ ಎಂದರೆ ಸಾವೇ ಮೇಲು ಎನ್ನಿಸಿತು. ನಾನು ಈ ಮನುಷ್ಯನ ನಾಲ್ಕು ಮಕ್ಕಳನ್ನು ಹೆತ್ತು ಎದೆಹಾಲು ಕುಡಿಸಿದವಳು, ಎದುರಿಗೇ ನಿಂತಿದ್ದೆ. ನನ್ನ ಮೈಯಲ್ಲಿ ಇರುವುದು ಇವರಿಗೆ ಇಷ್ಟು ಹೊಲಸೇ ಎಂದು ಅವತ್ತು ತಿಳಿಯಿತು. ಲಕ್ಷ್ಮೇಶ್ವರದವಳ ಬಾಯಿ ದೊಡ್ಡದು ಎಂದು ಅತ್ತೆಯ ಮನೆಯಲ್ಲಿ ನನಗೆ ಹೆಸರಿತ್ತು. ಅವತ್ತು ಮಾತ್ರ ಅವರ ಹೊದಿಕೆ ಸರಿಮಾಡಿ ಗಂಜಿ ತರಲು ಹೋದೆ.

ಗದಗಿಗೆ ಮರಳಿದ ಮೇಲೆ ಮುಂಡರಗಿಯಿಂದ ದತ್ತಾತ್ರಿ ಬಂದ. ಇವನು ನಮ್ಮವರ ಸೋದರತ್ತೆಯ ಮಗ. ಮೊದಲು ಹತ್ತಿಯ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಅಲ್ಲಿಂದ ಬಿಡಿಸಿದ ಮೇಲೆ ಕಪ್ಪತಗುಡ್ಡ ಹತ್ತಿ ಇಳಿದು ಒಮ್ಮಿಂದೊಮ್ಮೆಲೆ ಪಂಡಿತನಾಗಿಬಿಟ್ಟ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರಲ್ಲ, ಇವನಿಗೆ ಜಗಳವೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಕೈಚೀಲದಿಂದ ಒಂದು ಕೆಂಪು ಬೇರು ತೆಗೆದು ನಮ್ಮವರ ಮೂಗಿನ ಮುಂದೆ ಹಿಡಿದ.

“ವಾಸಣ್ಣ, ಕಪ್ಪತಗುಡ್ಡದಾಗ ಇರಲಾರದ ಔಷಧ ಭೂಮಿ ಮ್ಯಾಲ ಇಲ್ಲ. ಇದು ಸಿದ್ಧರು ತೋರಿಸಿದ ಬೇರು. ಮುಂಜಾನೆ ಪೂಜಿ ಆದಮ್ಯಾಲ ಪುಡಿ ಮಾಡಿ ಹಾಲಿನಾಗ ಕಲಸ್ಕೊಂಡು ಕುಡಿ. ಬದನಿಕಾಯಿ ಮುಟ್ಟಬ್ಯಾಡ. ಇಂಗ್ಲಿಷ್ ಔಷಧದ ಗಾಳೀನೂ ಸೋಕಬಾರದು. ಎರಡೂ ಕೂಡಿದ್ರ ವಿಷ.”

“ಏನ ಬೇರದು? ಹೆಸರೇನು?” ಎಂದು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದೆ.

“ಹೆಸರು ಹೇಳಿದ್ರ ಗುಣ ಹೋಗ್ತದ ವೈನಿ,” ಎಂದು ಹಲ್ಲು ಕಿರಿದ.

ನಮ್ಮವರು ಆ ಪುಡಿಯನ್ನು ತೀರ್ಥದಂತೆ ಕಣ್ಣಿಗೊತ್ತಿಕೊಂಡು ಕುಡಿದರು. ಬೇರು ಗಿಡದ್ದು, ಗಿಡ ಮಡಿ. ಗುಳಿಗೆ ಕಾರ್ಖಾನೆಯದು, ಯಾರ ಕೈ ಸೋಕಿರುತ್ತದೋ ಏನೋ! ಶಾಸ್ತ್ರಕ್ಕೇನು, ಬೇಕಾದ ಕಡೆಗೆ ಬಾಗುತ್ತದೆ. ಗಿಡದಲ್ಲಿ ಔಷಧವಿಲ್ಲ ಎನ್ನುವವಳು ನಾನಲ್ಲ. ಬಾಣಂತಿಗೆ ಕಷಾಯ ಕಾಸಿದ್ದೇನೆ, ಮಕ್ಕಳಿಗೆ ಬಜೆ ತೇದು ನೆಕ್ಕಿಸಿದ್ದೇನೆ. ಆದರೆ ಹೆಸರು ಹೇಳಲು ಹೆದರುವ ಬೇರನ್ನು ಹೇಗೆ ನಂಬುವುದು?

ಎರಡು ತಿಂಗಳು ಬೇರು ಕುಡಿದರು. ಸೊಂಟದ ನೋವು ಬೆನ್ನಿಗೆ ಏರಿತು. ಕುಳಿತರೆ ಏಳಲಾಗದು, ಎದ್ದರೆ ಕೂಡಲಾಗದು. ಪಾಳಿ ಬಂದಾಗ ಗುಡಿಯಲ್ಲಿ ಅಭಿಷೇಕದ ತಂಬಿಗೆ ಎತ್ತಲಾರದೆ ಗೋಡೆ ಹಿಡಿದು ನಿಂತರಂತೆ. ಮನೆಗೆ ಬಂದವರು ಪಂಜೆಯ ತುದಿಯನ್ನು ಬಾಯಲ್ಲಿ ತುರುಕಿಕೊಂಡು ನರಳಿದರು. ಕೇಳಿದರೆ, “ಬೇರು ಕೆಲಸಾ ಮಾಡ್ಲಿಕ್ಹತ್ತದ, ಅದಕ್ಕs ಬ್ಯಾನಿ,” ಎನ್ನುವರು. ಕಣ್ಣೆದುರಿಗೆ ಗಂಡ ಸಾಯುತ್ತಿದ್ದರೂ ಬೇರಿನ ಗುಣ ಹಾಡುವ ಬಾಯಿಗೆ ಹಾಲು ಹಿಡಿಯುವ ಕೆಲಸ ನನ್ನದು. ಸಿಟ್ಟು ಬಂತು. ಅಳು ಬಂದಿದ್ದರೆ ಚೆನ್ನಾಗಿತ್ತು, ಬರಲಿಲ್ಲ.

ಶನಿವಾರ ಶಿರಹಟ್ಟಿಯಿಂದ ಶ್ರೀನಿವಾಸ ಬಂದಾಗ ಅವನನ್ನು ಹಿತ್ತಲಿಗೆ ಕರೆದೆ. “ಹುಬ್ಬಳ್ಳಿಗೆ ಹೋಗಿ ಆ ಗುಳಿಗಿ ತಗೊಂಡು ಬಾ. ಬೇರಿನ ಪುಡಿ ಜೋಡಿ ಕೊಡಬಹುದೇನು ಅಂತ ಡಾಕ್ಟರನ್ನೂ ಕೇಳ್ಕೊಂಡು ಬಾ,” ಎಂದೆ. ಅವನು ತಿರುಗಿ ಬಂದದ್ದು ಕಿವಿಯವರೆಗೆ ಕೆಂಪಾಗಿ. ಔಷಧದ ಅಂಗಡಿಯವನು ಚೀಟಿ ನೋಡಿ, “ಯಾರ್ರೀ ಬಾಣಂತಿ? ಹಾಲು ಬತ್ತಸ್ಬೇಕೇನು?” ಎಂದು ನಾಲ್ಕು ಜನರ ಮುಂದೆ ಕೇಳಿದನಂತೆ. ಆಗ ಬಾಣಂತಿಯರ ಎದೆಹಾಲು ನಿಲ್ಲಿಸಲೂ ಅದೇ ಗುಳಿಗೆ ಕೊಡುತ್ತಿದ್ದರು. ನಮ್ಮಪ್ಪನಿಗೆ ಎನ್ನಲು ಮಗನಿಗೆ ಬಾಯಿ ಬರಲಿಲ್ಲ. ಹೆಂಡತಿಗೆ ಎಂದು ಸುಳ್ಳು ಹೇಳಿ ತಂದಿದ್ದ. ಅವನ ಹೆಂಡತಿ ಹೆತ್ತು ಆರು ವರ್ಷವಾಗಿತ್ತು.

“ಡಾಕ್ಟರ್ ಏನಂದ್ರು?”

“ನಕ್ಕರು. ಬೇರರೆ ತಿನ್ನಲಿ, ಮಣ್ಣರೆ ತಿನ್ನಲಿ, ಗುಳಿಗಿ ಒಂದು ತಪ್ಪಸಬ್ಯಾಡ್ರಿ ಅಂದ್ರು. ಅಪ್ಪಗ ಹೇಳೂದು ಹೆಂಗವ್ವಾ?”

“ಹೇಳೂದು ಬ್ಯಾಡ,” ಎಂದೆ.

ಮರುದಿನದಿಂದ ಅವರು ದೇವರ ಮುಂದೆ ಗಂಟೆ ಬಾರಿಸುವಾಗ ನಾನು ಅಡುಗೆಮನೆಯ ಮೂಲೆಯಲ್ಲಿ ಸಣ್ಣ ಕಲ್ಬತ್ತಿನಲ್ಲಿ ಗುಳಿಗೆ ಕುಟ್ಟಿದೆ. ಬೇರಿನ ಪುಡಿಗೆ ಅದನ್ನು ಬೆರೆಸಿ ಹಾಲಿಗೆ ಹಾಕಿ ಕದಡಿ ಕೊಟ್ಟೆ. ಬೇರಿನ ಕಹಿಯ ಮುಂದೆ ಗುಳಿಗೆಯ ರುಚಿ ಎಲ್ಲಿ ತಿಳಿಯಬೇಕು? ಮಡಿಯುಟ್ಟವಳು ಅಂಗಡಿಯ ಬಾಟಲಿ ಮುಟ್ಟಿದೆ. ಮುಟ್ಟಿ ಕೈ ತೊಳೆದು ಅದೇ ಕೈಯಿಂದ ನೈವೇದ್ಯದ ಅನ್ನ ಬಸಿದೆ. ಏಕಾದಶಿಯ ದಿನ ಅವರು ನೀರೂ ಮುಟ್ಟುತ್ತಿರಲಿಲ್ಲ, ಗುಳಿಗೆ ತಪ್ಪುತ್ತಿತ್ತು. ದ್ವಾದಶಿಗೆ ಕೋಳಿ ಕೂಗುವ ಮೊದಲೇ ಎಬ್ಬಿಸಿ ಪಾರಣೆ ಮಾಡಿಸಿ ಹಾಲು ಕುಡಿಸುತ್ತಿದ್ದೆ. ಏನಿಷ್ಟು ಅವಸರ ಎಂದು ಬೈಸಿಕೊಳ್ಳುತ್ತಿದ್ದೆ. ಬೈಯಲಿ, ಬದುಕಿರಲಿ.

ಗುಳಿಗೆ ಕೆಲಸ ಮಾಡಿತು. ದೀಪಾವಳಿಯ ಹೊತ್ತಿಗೆ ಬೆನ್ನಿನ ನೋವು ಇಳಿಯಿತು. ಮೂತ್ರ ಸಲೀಸಾಯಿತು. ಊಟ ರುಚಿಸಿತು. ಪಾಳಿ ಬಂದಾಗ ತಾವೇ ಬಾವಿಯಿಂದ ಕೊಡ ಎತ್ತಿ ತಂದು ಅಭಿಷೇಕ ಮಾಡಿದರು. ನಾನು ಗುಡಿಯ ಹೊರಗಿನ ಕಂಬಕ್ಕೆ ಒರಗಿ ನೋಡಿದೆ, ಆಗ ಮಾತ್ರ ಅಳು ಬಂತು.

ಆದರೆ ಹೆಸರು ಬಂದದ್ದು ಬೇರಿಗೆ. ದತ್ತಾತ್ರಿ ವಾರಕ್ಕೊಮ್ಮೆ ಮುಂಡರಗಿಯ ಬಸ್ಸಿಗೆ ಬಂದು ನಮ್ಮ ಪಡಸಾಲೆಯಲ್ಲೇ ಅಂಗಡಿ ಹೂಡಿದ. ಬೆಟಗೇರಿಯ ನೇಕಾರರು ಬಂದರು, ಲಕ್ಷ್ಮೇಶ್ವರದಿಂದ ನನ್ನ ತವರಿನ ಓಣಿಯವರೇ ಬಂದರು. ಮೂತ್ರ ಕಟ್ಟಿದವರು, ಉರಿ ಇದ್ದವರು, ಬರಿ ಮುಪ್ಪು ಇದ್ದವರು, ಎಲ್ಲರಿಗೂ ಅದೇ ಬೇರು. ಸಾಕ್ಷಿಗೆ ನಮ್ಮವರು ಜಮಖಾನೆಯ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತಿರುತ್ತಿದ್ದರು. “ಹುಬ್ಬಳ್ಳಿ ಡಾಕ್ಟರ್ ನಂದು ವರ್ಷ ಕಾಣೂದು ಕಷ್ಟ ಅಂದಿದ್ದ. ನೋಡ್ರಿ ನನ್ನ!” ಎನ್ನುವರು. ಬಂದವರು ನೋಡುವರು. ದತ್ತಾತ್ರಿ ಒಳಗೆ ತಿರುಗಿ, “ವೈನಿ, ಎಲ್ಲಾರಿಗೂ ಚಹಾ,” ಎಂದು ಕೂಗುವನು. ಉಂಡ ಮನೆಯ ಗಳ ಎಣಿಸುವವನಿಗೆ ಚಹಾ ಸೋಸಿ ಕೊಟ್ಟದ್ದೂ ನಾನೇ.

ಅಷ್ಟರಲ್ಲಿ ಡಾಕ್ಟರು ಹೇಳಿದ್ದು ಶುರುವಾಯಿತು. ನಮ್ಮವರ ಮೊಲೆತೊಟ್ಟು ಮೊದಲು ತುರಿಸಿದವು, ಆಮೇಲೆ ನೊಂದವು. ಜನಿವಾರ ಸೋಕಿದರೆ ಹಾ ಎನ್ನುವರು. ಸಂಕ್ರಾಂತಿಯ ಹೊತ್ತಿಗೆ ಎರಡೂ ಕಡೆ ಹೊಸದಾಗಿ ಮೈನೆರೆದ ಹುಡುಗಿಯ ಎದೆಯಂತೆ ಉಬ್ಬಿದವು. ಗುಡಿಯಲ್ಲಿ ಬರಿಮೈಯಲ್ಲಿ ನಿಲ್ಲುತ್ತಿದ್ದವರು ಮಗುಟದ ಶಲ್ಯವನ್ನು ಎದೆಗೆ ಎರಡು ಸುತ್ತು ಹಾಕಿಕೊಂಡರು. ಹೆಂಗಸರು ಸೆರಗಿನ ಮರೆಯಲ್ಲಿ ನಕ್ಕರು. ಅವರ ನಗೆಗಿಂತ ಹೊಲಸು ದತ್ತಾತ್ರಿ ಅದಕ್ಕೆ ಕೊಟ್ಟ ಅರ್ಥ.

“ಬೇರು ಕೆಳಗಿನ ವಿಷಾ ಮ್ಯಾಲ ಎಳದದ,” ಎಂದ ನಾಲ್ಕು ಜನರೆದುರು. “ಎದಿಗೆ ಬಂದು ನಿಂತದ. ಇನ್ನ ಗಂಟಲಾ ದಾಟಿ ಹೋತಂದ್ರ ಮುಗೀತು. ಇದs ಗುರ್ತು, ಬೇರು ಹಿಡದದ್ದಕ್ಕ.”

ಬಂದವರು ತಲೆಯಾಡಿಸಿದರು. ನಮ್ಮವರು ಕೂಡ ಆಡಿಸಿದರು! ಒಬ್ಬ ಮುದುಕ ತನ್ನ ಅಂಗಿಯೊಳಗೆ ಕೈ ಹಾಕಿ ತಡವಿಕೊಂಡು, “ನಂಗಿನ್ನೂ ಬಂದಿಲ್ರೀ,” ಎಂದು ಬೇಸರಪಟ್ಟ. “ಪಥ್ಯ ಸರಿ ಇಲ್ಲ ನಿಂದು, ಬದನಿಕಾಯಿ ತಿಂದೀದಿ,” ಎಂದು ದತ್ತಾತ್ರಿ ಗದರಿದ. ಆ ಮುದುಕ ಪಾಪ, ಹೌದೆಂದು ಗಲ್ಲ ಬಡಿದುಕೊಂಡ. ಗಂಡಸಿನ ಮೈಯಲ್ಲಿ ಎದೆ ಹೆಣ್ಣಿನ ರಸದಿಂದ ಬಂದರೆ ಥೂ, ಅದೇ ಎದೆ ಬೇರಿನಿಂದ ಬಂತೆಂದರೆ ಪ್ರಸಾದ. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಅಲ್ಲಿಯವರೆಗೆ ನಾನು ಸಮಾಧಾನ ಹೇಳಿಕೊಂಡಿದ್ದೆ. ಹೆಸರು ಬೇರಿಗೆ ಹೋಗಲಿ, ನನ್ನ ಗಂಡ ನನಗೆ ಉಳಿಯಲಿ. ಬಾಯಿ ಬಿಟ್ಟರೆ ಅವರು ಗುಳಿಗೆ ಬಿಡುತ್ತಾರೆ, ಗುಳಿಗೆ ಬಿಟ್ಟರೆ ನಾನು ವಿಧವೆ. ಇಷ್ಟೇ ನನ್ನ ಲೆಕ್ಕ. ಹೋಳಿ ಕಳೆದ ಮೇಲೆ ಡಂಬಳದ ಹನಮಪ್ಪ ಬಂದ, ಆ ಲೆಕ್ಕ ಕೆಟ್ಟಿತು.

ಹನಮಪ್ಪ ಬೇಸಾಯದ ಮನುಷ್ಯ. ಆ ಬಿಸಿಲಲ್ಲಿ ಕುತ್ತಿಗೆಯವರೆಗೆ ಗುಂಡಿ ಹಾಕಿದ ಅಂಗಿ, ಅದರ ಮೇಲೆ ಕಂಬಳಿ ಹೊದ್ದು ಬಂದಿದ್ದ. ಜೊತೆಗೆ ಹೆಂಡತಿ ಉಡಚವ್ವ. ಅವನು ಪಡಸಾಲೆಯ ಕಟ್ಟೆಯ ಮೇಲೆ ಕುಳಿತ, ಅವಳು ನನ್ನ ಅಡುಗೆಮನೆಯ ಕಡೆಯ ಹೊಸಿಲ ಹೊರಗೆ ಕುಳಿತಳು. ನೀರು ಕೊಟ್ಟೆ. ಕುಡಿದು ಸೆರಗಿನ ಗಂಟು ಬಿಚ್ಚಿ ಒಂದು ಬಾಟಲಿ ತೋರಿಸಿದಳು. ನೋಡಿದ ಕೂಡಲೇ ಗುರುತು ಹತ್ತಿತು. ನನ್ನ ಬೇಳೆ ಡಬ್ಬಿಯ ಹಿಂದೆ ಅಡಗಿಸಿಟ್ಟ ಬಾಟಲಿಯೂ ಅದೇ.

“ಇವರಿಗೂ ಅದs ಬ್ಯಾನಿರಿ ಬಾಯಾರ,” ಎಂದಳು ಮೆಲ್ಲಗೆ. “ಹುಬ್ಬಳ್ಳ್ಯಾಗ ಈ ಗುಳಗಿ ಕೊಟ್ರು. ನೆಲಾ ಹಿಡದು ಮಲಗಿದ್ರು, ಇದನ್ನ ತಿಂದ ಮ್ಯಾಲ ಎದ್ದು ಕುಂತಾರ, ಹೊಲಕ್ಕ ಹೊಂಟಾರ. ಆದ್ರ ಎದಿ ಬಂದಾವರಿ. ಕೆರ್‍ಯಾಗ ಮೈ ತೊಳ್ಯಾಕ ಹ್ವಾದ್ರ ಹುಡುಗ್ರು ಸೀಟಿ ಹೊಡಿತಾವ. ಅದಕ್ಕ ಗುಳಗಿ ಒಗದು ಆಚಾರ್ರ ಬೇರು ತಿಂತೀನಿ ಅಂತ ಹಟಾ ಹಿಡದಾರ. ಬಿಟ್ರ ಹೆಂಗ್ರಿ ಬಾಯಾರ?”

ನಾನು ಉತ್ತರ ಕೊಡುವ ಮೊದಲೇ ಪಡಸಾಲೆಯಿಂದ ದತ್ತಾತ್ರಿಯ ದನಿ ಕೇಳಿತು. “ಮೊದಲ ಆ ಗುಳಿಗಿ ಗಟಾರಕ್ಕ ಒಗಿ. ಎರಡೂ ಕೂಡಿದ್ರ ವಿಷ. ಬೇರಷ್ಟs ತಗೋ.”

ಹನಮಪ್ಪ ದಡ್ಡನಲ್ಲ. ದತ್ತಾತ್ರಿಯನ್ನು ನೋಡದೆ ನಮ್ಮವರ ಕಡೆಗೆ ತಿರುಗಿದ. “ಆಚಾರ್ರ, ಇವರ ಮಾತ ಬಿಡ್ರಿ. ನೀವು ದಿನಾ ದೇವರ ಮೈ ಮುಟ್ಟಾವ್ರು. ನೀವು ಹೇಳ್ರಿ. ಗುಳಗಿ ಬಿಡ್ಲ್ಯಾ?”

ನಾನು ಬಾಗಿಲ ಸಂದಿಯಿಂದ ನಮ್ಮವರ ಮುಖವನ್ನೇ ನೋಡುತ್ತಿದ್ದೆ. ಅವರು ಶಲ್ಯದ ತುದಿಯನ್ನು ಎದೆಯ ಮೇಲೆ ಎಳೆದುಕೊಂಡರು. ಕೆಮ್ಮಿದರು.

“ಬಿಡು,” ಎಂದರು. “ನಾ ಏನೂ ತಗೊಂಡಿಲ್ಲ. ಬೇರs ನನ್ನ ಉಳಿಸ್ಯದ.”

ಹನಮಪ್ಪ ಹೆಂಡತಿಯ ಕಡೆಗೆ ಕೈ ಚಾಚಿದ. ಉಡಚವ್ವ ಬಾಟಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ನನ್ನ ಮುಖ ನೋಡಿದಳು. ಕಣ್ಣಲ್ಲಿ ನೀರಿತ್ತು. ಈ ಹೆಂಗಸಿನ ಗಂಡನೂ ನನ್ನ ಗಂಡನ ಹಾಗೆ ಪಂಜೆ ಕಚ್ಚಿ ನರಳುತ್ತಾನೆ, ಆದರೆ ಅವನ ಬೇರಿನಲ್ಲಿ ಗುಳಿಗೆ ಬೆರೆಸುವವರು ಯಾರಿದ್ದಾರೆ? ನನಗೆ ತಡೆಯಲಾಗಲಿಲ್ಲ. ಬೇಳೆ ಡಬ್ಬಿ ಸರಿಸಿ ನನ್ನ ಬಾಟಲಿ ತೆಗೆದುಕೊಂಡೆ. ಬಿಳಿಯ ಪುಡಿ ಅಂಟಿದ ಕಲ್ಬತ್ತನ್ನೂ ಎತ್ತಿಕೊಂಡು ಮಡಿಯ ಸೀರೆಯಲ್ಲೇ ಪಡಸಾಲೆಗೆ ಹೋಗಿ ನಡುವೆ ಕುಕ್ಕಿದೆ.

“ಹನಮಪ್ಪ, ಗುಳಿಗಿ ಬಿಡಬ್ಯಾಡ್ರಿ. ಇವರು ಬದುಕಿದ್ದು ಬೇರಿನಿಂದ ಅಲ್ಲ. ನಿಮಗ ಕೊಟ್ಟ ಗುಳಿಗೀನs ನಾ ದಿನಾ ಕುಟ್ಟಿ ಇವರ ಹಾಲಿನಾಗ ಹಾಕೇನಿ.”

ದತ್ತಾತ್ರಿ ಮೊದಲು ಚೇತರಿಸಿಕೊಂಡು ಹೆ ಹೆ ಎಂದು ನಕ್ಕ. “ವೈನಿಗೆ ಮೈಯಾಗ ಆರಾಮಿಲ್ಲ, ಏನರೆ ಅಂತಾರ.”

“ಒಳಗ ಹೋಗು,” ಎಂದರು ನಮ್ಮವರು. “ಗಂಡಸರ ನಡುವ ನಿಂದೇನು?”

“ಹನಮಪ್ಪ, ಅಂಗಿ ಗುಂಡಿ ತಗೀರಿ,” ಎಂದೆ. ಅವನು ಕಂಬಳಿಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ. ಹೊಸಿಲಿನಿಂದ ಉಡಚವ್ವ, “ತಗೀರಿ ಅಂದ್ರ ತಗೀರಿ!” ಎಂದು ಚೀರಿದಳು. ಅವನು ಒಂದೊಂದಾಗಿ ಗುಂಡಿ ಬಿಚ್ಚಿದ. ಬಿಸಿಲಲ್ಲಿ ದುಡಿದ ಆ ಕರಿಯ ಎದೆಯ ಮೇಲೆ ಎರಡು ಉಬ್ಬು. ನಾನು ನಮ್ಮವರ ಬಳಿಗೆ ಹೋಗಿ ಶಲ್ಯದ ತುದಿ ಹಿಡಿದು ಎಳೆದೆ. ಮದುವೆಯಾದ ಮೇಲೆ ನಾಲ್ಕು ಜನರೆದುರಿಗೆ ಅವರ ಮೈಮೇಲಿನ ಬಟ್ಟೆಗೆ ಕೈ ಹಾಕಿದ್ದು ಅದೇ ಮೊದಲು. ಅವರು ಎರಡೂ ಕೈ ಅಡ್ಡ ಹಿಡಿದುಕೊಂಡರು, ಸ್ನಾನದ ಮನೆಯಲ್ಲಿ ಯಾರೋ ಬಾಗಿಲು ತೆರೆದಾಗ ಹೆಂಗಸರು ಹಿಡಿದುಕೊಳ್ಳುವ ಹಾಗೆ. ಆದರೂ ಕಾಣಿಸುವುದು ಕಾಣಿಸಿತು.

“ನೀವಿನ್ನೂ ಬೇರು ಬಾಯಾಗ ಹಾಕಿಲ್ಲ ಹನಮಪ್ಪ,” ಎಂದೆ. “ಹಾಕದs ನಿಮ್ಮ ಎದಿಗೆ ವಿಷಾ ಎಳದವರು ಯಾರು?”

ಹನಮಪ್ಪ ತನ್ನ ಎದೆ ನೋಡಿಕೊಂಡ, ಆಚಾರ್ಯರ ಎದೆ ನೋಡಿದ. “ಎರಡೂ ಒಂದs ನಮೂನಿ ಅದಾವಲ್ರೀ ಆಚಾರ್ರ,” ಎಂದ. ಬೈಗುಳವಿಲ್ಲ, ಸಿಟ್ಟಿಲ್ಲ. ಅವನು ಗುಂಡಿ ಹಾಕಿಕೊಂಡು ಎದ್ದ. “ಏಳಬೇ, ಬಸ್ಸಿಗೆ ಹೊತ್ತಾಗತೈತಿ,” ಎಂದು ಹೆಂಡತಿಯನ್ನು ಕರೆದ. ಉಡಚವ್ವ ಬಾಟಲಿಯನ್ನು ಸೆರಗಿಗೆ ಕಟ್ಟಿಕೊಂಡು, ದೂರದಿಂದಲೇ ನನ್ನ ಕಾಲಿನ ಕಡೆಗೆ ನೆಲ ಮುಟ್ಟಿ ಹೋದಳು. ಅವರ ಹಿಂದೆಯೇ ಮುಂಡರಗಿಯ ಬಸ್ಸು ನೆನಪಾಯಿತು ಎಂದು ದತ್ತಾತ್ರಿಯೂ ಜಾಗ ಖಾಲಿ ಮಾಡಿದ. ಬೇರಿನ ಚೀಲ ಒಯ್ಯುವುದನ್ನು ಮಾತ್ರ ಮರೆಯಲಿಲ್ಲ.

ಮನೆಯಲ್ಲಿ ನಾವಿಬ್ಬರೇ ಉಳಿದೆವು. ಈಗ ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೂ ಸರಿಯೇ, ಮೋಸ ಮಾಡಿದ್ದೇನಲ್ಲ. ಕ್ಷಮೆ ಕೇಳಲೂ ತಯಾರಿದ್ದೆ. ಅವರು ಶಲ್ಯ ಸರಿಮಾಡಿಕೊಂಡು, ಬಹಳ ತಣ್ಣಗೆ, “ನನಗ ಗೊತ್ತಿತ್ತು,” ಎಂದರು.

“ಏನು?”

“ಹುಬ್ಬಳ್ಳಿ ಡಾಕ್ಟರ್ ಎದಿ ಬರ್ತಾವ ಅಂತ ಹೇಳಿದ್ದ, ಬಂದ್ವು. ಲೋಟದ ತಳದಾಗ ದಿನಾ ಬಿಳೇ ಗಸಿ ಇರ್ತಿತ್ತು. ಅಷ್ಟೂ ತಿಳಿಯೂದಿಲ್ಲೇನು ನನಗ?”

“ಗೊತ್ತಿದ್ದೂ ಸುಮ್ಮನ ಕುಡದ್ರಿ?”

“ಕೊಟ್ಟದ್ದು ನೀನು, ನಾ ಕುಡದೆ. ತಗೊಂಡಿಲ್ಲಲ್ಲ! ಗೊತ್ತಿದ್ದು ತಗೊಂಡ್ರ ದೋಷ ನನಗ. ಗೊತ್ತಿಲ್ಲಧಂಗ ಕುಡದ್ರ ಕೊಟ್ಟವರಿಗೆ. ಪೂಜಾಕ್ಕ ಅಡ್ಡಿ ಇರಲಿಲ್ಲ. ಎಷ್ಟು ಛಂದ ನಡದಿತ್ತು, ನೀ ಕೆಡಿಸಿಬಿಟ್ಟಿ.”

ಇಷ್ಟು ತಿಂಗಳು ನಾನು ಕಳ್ಳಿಯ ಹಾಗೆ ಗಂಟೆಯ ಸಪ್ಪಳದ ಮರೆಯಲ್ಲಿ ಕುಟ್ಟಿದ್ದೆ. ಮಡಿ ಕೆಡಿಸಿದೆನಲ್ಲ ಎಂದು ದೇವರಿಗೆ ತಪ್ಪು ಒಪ್ಪಿಸಿದ್ದೆ. ಇವರು ಎಲ್ಲ ತಿಳಿದು, ಜೀವ ತಮಗಿಟ್ಟುಕೊಂಡು, ಪಾಪದ ಗಂಟನ್ನು ನನ್ನ ತಲೆಯ ಮೇಲಿಟ್ಟು ನೆಮ್ಮದಿಯಾಗಿ ಮಂಗಳಾರತಿ ಎತ್ತಿದ್ದರು. ಅದೂ ಹೋಗಲಿ, ಗಂಡ ಹೆಂಡತಿಯ ತಲೆಯ ಮೇಲೆ ಇಡದೆ ಇನ್ನು ಯಾರ ಮೇಲೆ ಇಡುತ್ತಾನೆ ಎಂದು ನುಂಗಿಕೊಳ್ಳುತ್ತಿದ್ದೆನೇನೋ.

“ಮತ್ತ ಆ ಹನಮಪ್ಪ?” ಎಂದು ಕೇಳಿದೆ. “ಗುಳಿಗಿಯಿಂದನs ಬದುಕೇನಿ ಅಂತ ಗೊತ್ತಿದ್ದೂ ಅವಗ ಬಿಡು ಅಂದ್ರಲ್ಲ?”

“ಬ್ಯಾಡ ಅಂದಿದ್ರ ನಾ ತಗೋತೀನಿ ಅಂತ ಒಪ್ಪಿಕೊಂಡಂಗ ಆಗ್ತಿತ್ತು. ಓಣಿ ತುಂಬ ಮಾತಾಗ್ತಿತ್ತು. ನನ್ನ ಪಾಳಿ ಏನಾಗಬೇಕು?” ಇವರು ಎದ್ದು ಅಡುಗೆಮನೆಯ ಕಡೆಗೆ ನಡೆಯುತ್ತ ಹೇಳಿದರು. “ಅವನ ಹಣಿಬಾರ ಅವನಿಗೆ. ಅಡಗಿ ಆಗ್ಯದೇನು? ಹಸಿವಿ ಆಗ್ಯದ.”

ಬಡಿಸಿದೆ. ಸಾರು ಚೆನ್ನಾಗಿದೆ ಎಂದು ಎರಡು ಸಲ ಅನ್ನ ಹಾಕಿಸಿಕೊಂಡರು. ಉಂಡು ತೇಗಿ, ಎಡಗಡೆ ಮಗ್ಗುಲಾಗಿ ಮಲಗಿದರು. ಗೊರಕೆಯೂ ಬಂತು. ನಾನು ಎಂಜಲು ಬಳಿಯುತ್ತ ಆ ಗೊರಕೆ ಕೇಳಿದೆ. ಉಳಿಸಿಕೊಂಡದ್ದು ಯಾರನ್ನು ಎಂದು ನನಗೇ ತಿಳಿಯದೆ ಹೋಯಿತು.

ಮರುದಿನ ಪೂಜೆ ಮುಗಿಸಿ ಎಂದಿನಂತೆ ಮಣೆಯ ಮೇಲೆ ಕುಳಿತು ಕೈ ಚಾಚಿದರು. ಹಾಲಿನ ಲೋಟ ಇಟ್ಟೆ. ಪಕ್ಕದಲ್ಲಿ ಒಂದು ಸಣ್ಣ ಬಟ್ಟಲು ಇಟ್ಟೆ, ಅದರಲ್ಲಿ ಇಡಿಯ ಗುಳಿಗೆ. ಅವರು ಬಟ್ಟಲನ್ನು ನೋಡಿದರು, ನನ್ನನ್ನು ನೋಡಿದರು.

“ಕುಟ್ಟಿ ಹಾಕು,” ಎಂದರು.

“ಕುಟ್ಟೂದಿಲ್ಲ.”

“ಹಾಲಿನಾಗ ಹಾಕಿ ಕದಡು. ನಾ ನೋಡೂದಿಲ್ಲ, ಆ ಕಡೆ ಮಾರಿ ಮಾಡ್ತೀನಿ.”

“ಅದೂ ಇಲ್ಲ. ಬದುಕೂದಿದ್ರ ನಿಮ್ಮ ಕೈಲೆ ತಗೊಂಡು ನುಂಗ್ರಿ. ನಾ ಇಲ್ಲೇ ಕೂತು ನೋಡ್ತೀನಿ. ಬ್ಯಾಡಾಗಿದ್ರ ಬಿಡ್ರಿ, ಅದನ್ನೂ ನೋಡ್ತೀನಿ.”

ಅವರು ಬೈದರು. ನನ್ನ ತವರನ್ನು ಎತ್ತಿ ಆಡಿದರು. ಆಮೇಲೆ ಬೈಗುಳ ತೀರಿತು. ಹಾಲಿಗೆ ಕೆನೆ ಕಟ್ಟಿತು. ನಾನು ಕದಲಲಿಲ್ಲ. ನುಂಗದಿದ್ದರೆ ನಾಳೆ ನಾನೇ ಸೋತು ಮತ್ತೆ ಕುಟ್ಟುತ್ತಿದ್ದೆನೋ ಏನೋ, ಹೇಳಲಾರೆ. ಕೊನೆಗೆ ಅವರು ಎರಡು ಬೆರಳಿನಿಂದ, ಸತ್ತ ಇಲಿಯ ಬಾಲ ಹಿಡಿದಂತೆ ಗುಳಿಗೆ ಎತ್ತಿ, ಕಣ್ಣು ಬಿಗಿದು ಬಾಯಿಗೆ ಹಾಕಿಕೊಂಡು ಹಾಲು ಕುಡಿದರು.

ಕುಡಿದವರೇ ಎದ್ದು ಬಚ್ಚಲಿಗೆ ಹೋದರು. ಮುಂಜಾನೆಯ ಸ್ನಾನ ಆಗಿತ್ತಲ್ಲ, ಮತ್ತೇನು ಎಂದು ಬಾಗಿಲಿಗೆ ಹೋಗಿ ನೋಡಿದೆ. ತಣ್ಣೀರಿನ ಕೊಡ ಎತ್ತಿ ತಲೆಯ ಮೇಲೆ ಸುರಿದುಕೊಳ್ಳುತ್ತಿದ್ದರು. ಜನಿವಾರ ತಿಕ್ಕಿದರು, ಬಾಯಿ ಮುಕ್ಕಳಿಸಿದರು, ಗಟ್ಟಿಯಾಗಿ ಮಂತ್ರ ಹೇಳಿದರು. ಗುಳಿಗೆಯ ಮೈಲಿಗೆ ಹೋಗಬೇಕಲ್ಲ!

ಹಿಂದಿನ ದಿನ ಹನಮಪ್ಪನಿಗೆ ಗುಳಿಗೆ ಬಿಡು ಎಂದ ಮೇಲೆ ಈ ಮನುಷ್ಯ ಕಾಲಿಗೂ ನೀರು ಹಾಕಿಕೊಂಡಿರಲಿಲ್ಲ.

ಒದ್ದೆ ಪಂಜೆಯಲ್ಲಿ ಹೊರಗೆ ಬಂದು, “ಮಡಿ ಆತು. ಎಲಿ ಹಾಕು,” ಎಂದರು. ನಾನು ಹಿತ್ತಲಿಗೆ ಹೋಗಿ ಉಗುಳಿ ಬಂದೆ. ಬಂದು ಎಲೆ ಹಾಕಿದೆ.